ಗ್ರಾಮದ ಸಂಗತಿಗಳನ್ನು ಕೋಷ್ಟಕದಲ್ಲಿಯೂ ಚಿತ್ರದಲ್ಲಿಯೂ ತೋರಿಸುವ ಕ್ರಮ

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಬೇಕೆಂಬುದು ನಮ್ಮ ಹಿರಿಯರ ಮಾತು. ವ್ಯವಸಾಯಗಾರನು ತನ್ನ ಸ್ವಂತ ಹೊಲದ ವಿಚಾರದಲ್ಲಿ ಈ ಮಾತನ್ನು ಮರೆಯುವವನಲ್ಲ. ಬಿತ್ತುವುದಕ್ಕೆ ಮುಂಚೆ ಬೀಜವನ್ನು ಮೊಳಕೆ ಕಟ್ಟಿ ಪರೀಕ್ಷಿಸುತ್ತಾನೆ. ಎತ್ತನ್ನು ಕೊಳ್ಳುವುದಕ್ಕೆ ಮುಂಚೆ ಅದರ ಹಲ್ಲನ್ನೂ ಗೊರಸನ್ನೂ ನಡಗೆಯನ್ನೂ ನೋಡುತ್ತಾನೆ. ಆದರೆ ಇಡೀ ಗ್ರಾಮಕ್ಕೆ ಸಂಬಂಧಪಟ್ಟ ವಿಚಾರವು ಬಂದಾಗ ಮಾತ್ರ ಪ್ರಮಾಣವನ್ನು ಬಿಟ್ಟು ಮಾತಿನ ಬಲವನ್ನು ಅವಲಂಬಿಸುವುದು ನಮ್ಮಲ್ಲಿ ಸಾಮಾನ್ಯವಾಗಿದೆ. ಸಭೆಯಲ್ಲಿ ಗಟ್ಟಿಯಾಗಿ ಮಾತನಾಡಿದವರ ಹೊಲದ ಕಷ್ಟವೇ ಊರಿನ ಕಷ್ಟವೆಂದು ಅರ್ಜಿಯಲ್ಲಿ ಬರೆಯಲ್ಪಡುತ್ತದೆ. ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತವನ ಕಷ್ಟವು ಬರೆವಣಿಗೆಗೆ ಬಾರದೆ ಹೋಗುತ್ತದೆ. ಆ ಅರ್ಜಿಯನ್ನೇ ಆಧಾರವಾಗಿಟ್ಟುಕೊಂಡು ಹಣವು ಮಂಜೂರಾಗಿ ಕೆಲಸವು ನಡೆದು ಮುಗಿದಮೇಲೆ, ಇದ್ದ ಕಷ್ಟವು ಇದ್ದಂತೆಯೇ ಉಳಿಯಿತೆಂದು ದೂರುವುದರಿಂದ ಪ್ರಯೋಜನವಿಲ್ಲ.

ಈ ತೊಂದರೆಯನ್ನು ತಪ್ಪಿಸಿಕೊಳ್ಳುವುದಕ್ಕೆ ದೊಡ್ಡ ವಿದ್ಯೆಯೇನೂ ಬೇಕಾಗಿಲ್ಲ. ಒಂದು ಹಾಳೆ, ಒಂದು ಸೀಸದಕಡ್ಡಿ, ಒಂದು ಅಳತೆಪಟ್ಟಿ, ಇವುಗಳ ಜೊತೆಗೆ ಎರಡು ದಿನಗಳ ತಾಳ್ಮೆ, ಇಷ್ಟಿದ್ದರೆ ಗ್ರಾಮದ ಮುಖಂಡರಾಗಲಿ ಭೂಮಾಲೀಕರಾಗಲಿ ತಮ್ಮ ಊರಿನ ಸ್ಥಿತಿಯನ್ನು ಎಣಿಸಿ, ಕೋಷ್ಟಕವಾಗಿ ಬರೆದು, ಚಿತ್ರವಾಗಿ ತೋರಿಸಬಹುದು. ಆ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಅಳತೆಯ ಅಂಶಗಳೂ ಗುಣದ ಅಂಶಗಳೂ

ಗ್ರಾಮದಲ್ಲಿ ನಾವು ಸಂಗ್ರಹಿಸುವ ಸಂಗತಿಗಳು ಎರಡು ಬಗೆಯಾಗಿವೆ. ಎಕರೆಗೆ ಬಂದ ಭತ್ತದ ತೂಕ, ಬಿದ್ದ ಮಳೆಯ ಪ್ರಮಾಣ, ಹಸುವು ಕೊಡುವ ಹಾಲು, ಇವುಗಳನ್ನು ಅಳೆದೋ ತೂಗಿಯೋ ಅಂಕಿಯಿಂದ ಹೇಳುತ್ತೇವೆ. ಇವು ಅಳತೆಯ ಅಂಶಗಳು. ಮಣ್ಣು ಕೆಂಪೋ ಕಪ್ಪೋ ಮರಳೋ ಚೌಳೋ, ನೀರಿನ ಆಧಾರವು ಕೆರೆಯೋ ಬಾವಿಯೋ ಕಾಲುವೆಯೋ, ದನವು ಹಳ್ಳಿಕಾರ್ ತಳಿಯದೋ ಅಮೃತಮಹಲ್ ತಳಿಯದೋ ಮಲೆನಾಡು ಗಿಡ್ಡವೋ, ಇವುಗಳಿಗೆ ಅಂಕಿಯಿಲ್ಲ, ಹೆಸರುಂಟು. ಇಂತಹವು ಗುಣದ ಅಂಶಗಳು. ಭೂಕಂದಾಯದ ದಾಖಲೆಗಳಲ್ಲಿ ಜಮೀನನ್ನು ಖುಷ್ಕಿ, ತರಿ, ಬಾಗಾಯ್ತು ಎಂದು ವಿಂಗಡಿಸಿ ಬರೆಯುವುದು ಬಹುಕಾಲದಿಂದ ನಡೆದುಬಂದಿರುವುದರಿಂದ, ಗುಣದ ಅಂಶವೆಂಬುದು ನಮ್ಮ ವಾಚಕರಿಗೆ ಹೊಸದಾದ ವಿಷಯವಲ್ಲ.

ಗುಣದ ಅಂಶಗಳಲ್ಲಿಯೂ ಎರಡು ಭೇದಗಳಿವೆ. ಮಣ್ಣಿನ ಬಣ್ಣಗಳಲ್ಲಿ ಮೊದಲನೆಯದು ಯಾವುದು, ಕೊನೆಯದು ಯಾವುದು ಎಂಬ ಸಹಜವಾದ ಕ್ರಮವಿಲ್ಲ. ಆದರೆ ಹಿಡುವಳಿಗಳ ವರ್ಗಗಳಲ್ಲಿ ಅಂತಹ ಕ್ರಮವಿದೆ. ಭಾರತದಲ್ಲಿ ೧೯೭೦-೭೧ರಲ್ಲಿ ಆರಂಭವಾದ ಕೃಷಿ ಗಣತಿಯಲ್ಲಿ ಒಂದು ಹೆಕ್ಟೇರಿಗೆ, ಎಂದರೆ ಸುಮಾರು ಎರಡೂವರೆ ಎಕರೆಗೆ, ಕಡಿಮೆಯಾದುದನ್ನು ಅತಿ ಸಣ್ಣ ಹಿಡುವಳಿಯೆಂದೂ, ಒಂದರಿಂದ ಎರಡು ಹೆಕ್ಟೇರಿನವರೆಗೆ ಸಣ್ಣದೆಂದೂ, ಎರಡರಿಂದ ನಾಲ್ಕರವರೆಗೆ ಅರೆಮಧ್ಯಮವೆಂದೂ, ನಾಲ್ಕರಿಂದ ಹತ್ತರವರೆಗೆ ಮಧ್ಯಮವೆಂದೂ, ಹತ್ತು ಮತ್ತು ಅದಕ್ಕೆ ಮೇಲ್ಪಟ್ಟುದನ್ನು ದೊಡ್ಡದೆಂದೂ ವಿಂಗಡಿಸುತ್ತಾರೆ. ಇಂತಹ ಕ್ರಮವುಳ್ಳ ಹೆಸರುಗಳನ್ನು ಕೋಷ್ಟಕದಲ್ಲಿ ಬರೆಯುವಾಗ ಆ ಕ್ರಮವನ್ನು ಕೆಡಿಸಬಾರದು. ಕ್ರಮವಿಲ್ಲದ ಹೆಸರುಗಳನ್ನು ಹೆಚ್ಚು ಸಂಖ್ಯೆಯದರಿಂದ ಕಡಿಮೆ ಸಂಖ್ಯೆಯದಕ್ಕೆ ಇಳಿಸಿ ಬರೆದರೆ ನೋಡುವವರಿಗೆ ಅನುಕೂಲವಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳುವುದು ಅವಶ್ಯ. ಬರೆವಣಿಗೆಯ ಸೌಕರ್ಯಕ್ಕಾಗಿ ಖುಷ್ಕಿಗೆ ೧, ತರಿಗೆ ೨, ಬಾಗಾಯ್ತಿಗೆ ೩ ಎಂದು ಗುರುತಿನ ಅಂಕಿಗಳನ್ನು ಕೊಡುವುದುಂಟು. ಆ ಅಂಕಿಗಳನ್ನು ಕೂಡಿ ಭಾಗಿಸಿ ಸರಾಸರಿಯನ್ನು ತೆಗೆದರೆ, ಒಂದು ಖುಷ್ಕಿ ಹೊಲವನ್ನೂ ಒಂದು ತೆಂಗಿನ ತೋಟವನ್ನೂ ಹೊಂದಿರುವ ರೈತನಿಗೆ ಎರಡು ಭತ್ತದ ಗದ್ದೆಗಳಿವೆಯೆಂಬ ಅಸಂಬದ್ಧವಾದ ಫಲವು ಬರುತ್ತದೆ. ಹೆಸರುಗಳಿಗೆ ಸರಾಸರಿಯೆಂಬುದಿಲ್ಲ. ಯಾವ ಹೆಸರು ಎಷ್ಟು ಸಲ ಬಂದಿತು, ಯಾವುದು ಎಲ್ಲಕ್ಕಿಂತ ಹೆಚ್ಚು ಸಲ ಬಂದಿತು, ಒಟ್ಟಿನಲ್ಲಿ ಶೇಕಡಾ ಎಷ್ಟು ಎಂಬ ಇವಿಷ್ಟನ್ನೇ ಅವುಗಳಿಂದ ತಿಳಿಯತಕ್ಕದ್ದು.

ಎಣಿಸುವ ಕ್ರಮ

ವಿಷಯವು ಸುಲಭವಾಗಿ ಮನದಟ್ಟಾಗುವುದಕ್ಕಾಗಿ ಒಂದು ಗ್ರಾಮವನ್ನು ಕಲ್ಪಿಸಿಕೊಳ್ಳೋಣ. ಇದು ಉದಾಹರಣೆಗಾಗಿ ಮಾಡಿಕೊಂಡ ಕಲ್ಪನೆಯೇ ಹೊರತು ಯಾವ ನಿಜವಾದ ಊರಿನ ಲೆಕ್ಕವೂ ಅಲ್ಲ. ಈ ಊರಿನ ಕೆರೆಯ ಅಚ್ಚುಕಟ್ಟಿನಲ್ಲಿ ಒಟ್ಟು ೮೦ ಹಿಡುವಳಿಗಳಿವೆ. ಈ ವರ್ಷ ಭತ್ತದ ಬೆಳೆಯು ಕಡಿಮೆಯಾಯಿತು. ಕೆರೆಯಲ್ಲಿ ನೀರೇ ಸಾಲದು, ಕೊಳವೆ ಬಾವಿಯನ್ನು ಕೊರೆಯಿಸಿಕೊಡಬೇಕು ಎಂದು ಕೆಲವರು. ರೋಗವೇ ಕಾರಣ, ಔಷಧಿಯನ್ನು ಕೊಡಿಸಬೇಕು ಎಂದು ಮತ್ತೆ ಕೆಲವರು. ಸಭೆಯು ಎರಡು ಸಲ ಸೇರಿ ಎರಡು ಸಲವೂ ಜಗಳದಲ್ಲಿ ಮುಗಿಯಿತು. ಮೂರನೆಯ ಸಲ ಊರಿನ ಮುಖಂಡರು ಎಣಿಸಿಯೇ ನೋಡೋಣವೆಂದು ನಿಶ್ಚಯಿಸಿದರೆಂದು ಭಾವಿಸೋಣ.

ಮೊದಲು ಕಾರಣಗಳ ಹೆಸರುಗಳನ್ನು ಗೊತ್ತುಮಾಡಿಕೊಳ್ಳಬೇಕು. ಒಬ್ಬ ಹಿಡುವಳಿದಾರನ ಉತ್ತರವು ಒಂದೇ ಹೆಸರಿನ ಕೆಳಗೆ ಬರುವಂತೆಯೂ, ಯಾರ ಉತ್ತರವೂ ಹೊರಗೆ ಉಳಿಯದಂತೆಯೂ ಹೆಸರುಗಳಿರಬೇಕು. ನೀರಿನ ಅಭಾವ, ಬೆಂಕಿರೋಗ, ಜೌಗು, ಕಾಂಡಕೊರಕ ಹುಳು, ನಷ್ಟವಿಲ್ಲ ಎಂಬ ಐದು ಹೆಸರುಗಳು ಇಲ್ಲಿ ಸಾಕು. ಒಬ್ಬನು ಎರಡು ಕಾರಣಗಳನ್ನು ಹೇಳಿದರೆ, ಅವುಗಳಲ್ಲಿ ಮುಖ್ಯವಾದುದು ಯಾವುದೆಂದು ಕೇಳಿ ಅದೊಂದನ್ನೇ ಎಣಿಕೆಗೆ ತೆಗೆದುಕೊಳ್ಳಬೇಕು. ಎರಡನ್ನೂ ಸೇರಿಸಿದರೆ ಮೊತ್ತವು ಎಂಬತ್ತನ್ನು ಮೀರುತ್ತದೆ. ಇತರೆ ಎಂಬ ಹೆಸರನ್ನು ಇಟ್ಟುಕೊಂಡರೂ ಇಟ್ಟುಕೊಳ್ಳಬಹುದು. ಆದರೆ ಅದರಲ್ಲಿ ಹೆಚ್ಚು ಜನರು ಸೇರಿಬಿಟ್ಟರೆ ವಿಂಗಡಣೆಯೇ ಸರಿಯಾಗಿಲ್ಲವೆಂದು ತಿಳಿಯಬೇಕು.

ಬಳಿಕ ಹಿಡುವಳಿಯಿಂದ ಹಿಡುವಳಿಗೆ ಹೋಗಿ ಕೇಳಬೇಕು. ಪ್ರತಿಯೊಂದು ಉತ್ತರಕ್ಕೂ ಆಯಾ ಹೆಸರಿನ ಮುಂದೆ ಒಂದು ಗೀಟನ್ನು ಹಾಕಿ, ನಾಲ್ಕು ಗೀಟುಗಳಾದ ಮೇಲೆ ಐದನೆಯದನ್ನು ಅವುಗಳ ಮೇಲೆ ಅಡ್ಡವಾಗಿ ಎಳೆದರೆ, ಐದೈದರ ಕಟ್ಟುಗಳಾಗಿ ಎಣಿಕೆಯು ತಪ್ಪದೆ ನಡೆಯುತ್ತದೆ. ಓದು ಬಾರದವರೂ ಸೇರಿರುವ ಸಭೆಯಲ್ಲಿ ಗೀಟಿಗೆ ಬದಲಾಗಿ ಹುಣಸೆಬೀಜಗಳನ್ನು ಇಡಿಸಬಹುದು. ಎಲ್ಲರ ಕಣ್ಣೆದುರಿಗೆ ಬಿದ್ದ ಬೀಜವನ್ನು ಆಮೇಲೆ ಯಾರೂ ಅಲ್ಲಗಳೆಯಲಾರರು.

ಕೋಷ್ಟಕ

ಗೀಟುಗಳನ್ನು ಎಣಿಸಿ ಬರೆದಾಗ ಈ ಕೆಳಗಿನ ಕೋಷ್ಟಕವು ದೊರೆಯಿತೆಂದು ಇಟ್ಟುಕೊಳ್ಳೋಣ.

ಒಂದನೆಯ ಕೋಷ್ಟಕ: ಭತ್ತದ ಬೆಳೆ ಕಡಿಮೆಯಾದುದಕ್ಕೆ ಹಿಡುವಳಿದಾರರು ಹೇಳಿದ ಮುಖ್ಯ ಕಾರಣ

| ಕಾರಣ | ಹಿಡುವಳಿಗಳು | ಶೇಕಡಾ |
|---|---|---|
| ನೀರಿನ ಅಭಾವ | ೨೮ | ೩೫ |
| ಬೆಂಕಿರೋಗ | ೧೬ | ೨೦ |
| ಜೌಗು | ೧೨ | ೧೫ |
| ಕಾಂಡಕೊರಕ ಹುಳು | ೮ | ೧೦ |
| ನಷ್ಟವಿಲ್ಲ | ೧೬ | ೨೦ |
| ಒಟ್ಟು | ೮೦ | ೧೦೦ |

ಶೇಕಡಾವನ್ನು ತೆಗೆಯುವ ಕ್ರಮವು ಸುಲಭ: ಆಯಾ ಸಂಖ್ಯೆಯನ್ನು ಒಟ್ಟು ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸಬೇಕು. ೮೦ ಹಿಡುವಳಿಗಳ ಊರನ್ನೂ ೩೦೦ ಹಿಡುವಳಿಗಳ ಊರನ್ನೂ ಹೋಲಿಸಬೇಕಾದಾಗ ಬರಿಯ ಸಂಖ್ಯೆಯಿಂದ ಉಪಯೋಗವಿಲ್ಲ, ಶೇಕಡಾವೇ ಬೇಕು. ಆದರೆ ಶೇಕಡಾದ ಪಕ್ಕದಲ್ಲಿ ಮೂಲಸಂಖ್ಯೆಯನ್ನು ಬಿಡದೆ ಬರೆಯಬೇಕು. ಮೂರು ಎಮ್ಮೆಗಳಲ್ಲಿ ಒಂದು ಸತ್ತರೆ ಶೇಕಡಾ ೩೩ರಷ್ಟು ಎಮ್ಮೆಗಳು ಸತ್ತವೆಂದು ಹೇಳುವುದು ಲೆಕ್ಕಕ್ಕೆ ಸರಿಯಾದರೂ ಕೇಳುವವರನ್ನು ಅನಾವಶ್ಯಕವಾಗಿ ಭಯಪಡಿಸುತ್ತದೆ. ಭಿನ್ನಗಳನ್ನು ಬಿಟ್ಟು ಬರೆದಾಗ ಮೊತ್ತವು ೯೯ ಅಥವಾ ೧೦೧ ಆಗುವುದುಂಟು; ಅದನ್ನು ನೂರು ಮಾಡುವುದಕ್ಕಾಗಿ ಯಾವ ಅಂಕಿಯನ್ನೂ ತಿದ್ದಬಾರದು. ಕೋಷ್ಟಕಕ್ಕೆ ಹೆಸರು, ವರ್ಷ, ಎಷ್ಟು ಜನರನ್ನು ಕೇಳಲಾಯಿತೆಂಬ ವಿವರ, ಕೊನೆಯಲ್ಲಿ ಒಟ್ಟು ಮೊತ್ತ, ಇವು ಇದ್ದೇ ಇರಬೇಕು.

ಪಟ್ಟಿಚಿತ್ರ

ಅಂಕಿಗಳನ್ನು ಓದುವುದಕ್ಕೆ ಸಮಯ ಬೇಕು; ಚಿತ್ರವು ನೋಡಿದೊಡನೆಯೇ ತಿಳಿಯುತ್ತದೆ. ಗುಣದ ಅಂಶಗಳಿಗೆ ಎಲ್ಲಕ್ಕಿಂತ ಯೋಗ್ಯವಾದುದು ಪಟ್ಟಿಚಿತ್ರ. ಒಂದೊಂದು ಹೆಸರಿಗೂ ಒಂದೊಂದು ಪಟ್ಟಿಯನ್ನು ಎಳೆದು, ಅದರ ಉದ್ದವು ಸಂಖ್ಯೆಗೆ ಸರಿಯಾಗಿರುವಂತೆ ಮಾಡಬೇಕು. ಈ ಕೆಳಗೆ ಒಂದು ಚೌಕವು ಎರಡು ಹಿಡುವಳಿಗಳನ್ನು ಸೂಚಿಸುತ್ತದೆ.

ನೀರಿನ ಅಭಾವ: ■■■■■■■■■■■■■■ ೨೮
ಬೆಂಕಿರೋಗ: ■■■■■■■■ ೧೬
ಜೌಗು: ■■■■■■ ೧೨
ಕಾಂಡಕೊರಕ: ■■■■ ೮
ನಷ್ಟವಿಲ್ಲ: ■■■■■■■■ ೧೬

ಪಟ್ಟಿಗಳನ್ನು ಬರೆಯುವಾಗ ಮೂರು ನಿಯಮಗಳನ್ನು ಮರೆಯಬಾರದು. ಒಂದನೆಯದಾಗಿ, ಎಲ್ಲಾ ಪಟ್ಟಿಗಳ ಅಗಲವೂ ಒಂದೇ ಆಗಿರಬೇಕು. ಎರಡನೆಯದಾಗಿ, ಪಟ್ಟಿಗಳ ನಡುವೆ ಸ್ವಲ್ಪ ಎಡೆಯನ್ನು ಬಿಡಬೇಕು. ಒಂದು ಹೆಸರಿಗೂ ಮತ್ತೊಂದು ಹೆಸರಿಗೂ ನಿರಂತರವಾದ ಸಂಬಂಧವಿಲ್ಲವೆಂಬುದನ್ನು ಆ ಎಡೆಯು ತೋರಿಸುತ್ತದೆ. ಮೂರನೆಯದಾಗಿ, ಎಲ್ಲಾ ಪಟ್ಟಿಗಳೂ ಸೊನ್ನೆಯಿಂದಲೇ ಆರಂಭವಾಗಬೇಕು. ಈ ಮೂರನೆಯದನ್ನು ಮೀರಿದರೆ ಚಿತ್ರವು ಸುಳ್ಳು ಹೇಳತೊಡಗುತ್ತದೆ. ನಮ್ಮ ಉದಾಹರಣೆಯಲ್ಲಿ ನೀರಿನ ಅಭಾವವು ಬೆಂಕಿರೋಗದ ಒಂದೂಮುಕ್ಕಾಲು ಪಾಲು. ಕಾಗದವನ್ನು ಉಳಿಸುವ ನೆಪದಿಂದ ಪಟ್ಟಿಗಳನ್ನು ೧೨ರಿಂದ ಆರಂಭಿಸಿದರೆ ಒಂದು ಪಟ್ಟಿಯು ೧೬ ಭಾಗಗಳಷ್ಟೂ ಮತ್ತೊಂದು ೪ ಭಾಗಗಳಷ್ಟೂ ಉಳಿದು, ನಾಲ್ಕು ಪಾಲು ಹೆಚ್ಚೆಂದು ಕಣ್ಣಿಗೆ ಕಾಣುತ್ತದೆ. ಜೌಗಿನ ಪಟ್ಟಿಯಂತೂ ಮಾಯವೇ ಆಗಿಬಿಡುತ್ತದೆ.

ಪಟ್ಟಿಗೆ ಬದಲಾಗಿ ಎತ್ತಿನ ಚಿತ್ರವನ್ನೋ ತೆನೆಯ ಚಿತ್ರವನ್ನೋ ಬರೆದು, ಹೆಚ್ಚು ಸಂಖ್ಯೆಗೆ ದೊಡ್ಡ ಎತ್ತನ್ನು ತೋರಿಸುವ ಪದ್ಧತಿಯೊಂದುಂಟು. ಅಂದವಾಗಿದ್ದರೂ ಇದು ಅಪಾಯಕರ. ಎತ್ತಿನ ಎತ್ತರವನ್ನು ಎರಡರಷ್ಟು ಮಾಡಿದಾಗ ಉದ್ದವೂ ಎರಡರಷ್ಟಾಗಿ, ಅದು ತುಂಬುವ ಸ್ಥಳವು ನಾಲ್ಕರಷ್ಟಾಗುತ್ತದೆ. ಚಿತ್ರವೇ ಬೇಕೆನಿಸಿದರೆ ಒಂದೇ ಅಳತೆಯ ಸಣ್ಣ ಎತ್ತುಗಳನ್ನು ಸಾಲಾಗಿ ಬರೆಯುವುದು ಲೇಸು.

ವೃತ್ತಚಿತ್ರ

ಒಟ್ಟಿನಲ್ಲಿ ಯಾವುದರ ಪಾಲು ಎಷ್ಟೆಂಬುದನ್ನು ತೋರಿಸುವುದಕ್ಕೆ ವೃತ್ತಚಿತ್ರವನ್ನು ಬಳಸುತ್ತಾರೆ. ವೃತ್ತದ ಸುತ್ತು ೩೬೦ ಅಂಶಗಳಾದುದರಿಂದ ಶೇಕಡಾ ಒಂದಕ್ಕೆ ೩.೬ ಅಂಶಗಳಾಗುತ್ತವೆ. ಇದರಂತೆ ನೀರಿನ ಅಭಾವಕ್ಕೆ ೧೨೬, ಬೆಂಕಿರೋಗಕ್ಕೆ ೭೨, ಜೌಗಿಗೆ ೫೪, ಕಾಂಡಕೊರಕಕ್ಕೆ ೩೬, ನಷ್ಟವಿಲ್ಲದವಕ್ಕೆ ೭೨ ಅಂಶಗಳ ಹೋಳುಗಳನ್ನು ಮಾಡಬೇಕು. ಹೋಳುಗಳು ಐದಾರನ್ನು ಮೀರಿದರೆ, ಅಥವಾ ಒಂದಕ್ಕೊಂದು ಹೆಚ್ಚುಕಡಿಮೆ ಸಮವಾಗಿದ್ದರೆ, ಯಾವುದು ದೊಡ್ಡದೆಂದು ಕಣ್ಣು ನಿರ್ಧರಿಸಲಾರದು. ಆಗ ಪಟ್ಟಿಚಿತ್ರವೇ ಮೇಲು. ಒಬ್ಬನಿಂದ ಎರಡೆರಡು ಉತ್ತರಗಳನ್ನು ತೆಗೆದುಕೊಂಡ ಲೆಕ್ಕಕ್ಕೆ ವೃತ್ತಚಿತ್ರವು ಸರ್ವಥಾ ಸಲ್ಲದು. ಅಲ್ಲಿ ಹೋಳುಗಳೆಲ್ಲ ಸೇರಿ ಒಂದು ಪೂರ್ಣವಾಗುವುದಿಲ್ಲ.

ಹಿಂದಿನ ಒಂದು ನಿದರ್ಶನ

ಈ ಚಿತ್ರಗಳನ್ನು ಮೊದಲು ಪ್ರಚಾರಕ್ಕೆ ತಂದವನು ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್. ೧೭೮೬ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಸ್ಕಾಟ್ಲೆಂಡಿಗೂ ಹದಿನೇಳು ಸ್ಥಳಗಳಿಗೂ ಒಂದು ವರ್ಷ ನಡೆದ ವ್ಯಾಪಾರವನ್ನು ಪಟ್ಟಿಗಳಲ್ಲಿ ತೋರಿಸಿದನು. ೧೮೦೧ರಲ್ಲಿ ಪ್ರಕಟವಾದ ಮತ್ತೊಂದು ಗ್ರಂಥದಲ್ಲಿ ವೃತ್ತಚಿತ್ರವನ್ನು ಬಳಸಿದನು.

ಆದರೆ ಚಿತ್ರದಿಂದ ಪ್ರಾಣಗಳನ್ನು ಉಳಿಸಬಹುದೆಂದು ಲೋಕಕ್ಕೆ ಮನಗಾಣಿಸಿದವರು ಫ್ಲಾರೆನ್ಸ್ ನೈಟಿಂಗೇಲ್ ಎಂಬ ಮಹಿಳೆ. ಕ್ರಿಮಿಯಾದ ಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಶುಶ್ರೂಷೆಗೆ ಹೋಗಿದ್ದ ಇವರು ಸಾವುಗಳನ್ನು ಕಾರಣವಾರು ವಿಂಗಡಿಸಿದರು. ೧೮೫೫ರ ಜನವರಿ ಒಂದೇ ತಿಂಗಳಿನ ಲೆಕ್ಕವು ಹೀಗಿದೆ:

| ಸಾವಿನ ಕಾರಣ | ಸಂಖ್ಯೆ | ಶೇಕಡಾ |
|---|---|---|
| ತಡೆಗಟ್ಟಬಹುದಾದ ಸಾಂಕ್ರಾಮಿಕ ರೋಗಗಳು | ೨೭೬೧ | ೮೭.೨ |
| ಇತರ ಕಾರಣಗಳು | ೩೨೪ | ೧೦.೨ |
| ಗಾಯಗಳು | ೮೩ | ೨.೬ |
| ಒಟ್ಟು | ೩೧೬೮ | ೧೦೦.೦ |

ಯುದ್ಧವೆಂದರೆ ಗುಂಡಿನಿಂದಲೂ ಕತ್ತಿಯಿಂದಲೂ ಸಾಯುವುದೆಂದು ಭಾವಿಸುವುದು ಸಹಜ. ಆದರೆ ಗಾಯದಿಂದ ಒಬ್ಬನು ಸತ್ತರೆ ರೋಗದಿಂದ ಮೂವತ್ತಮೂರು ಮಂದಿ ಸಾಯುತ್ತಿದ್ದರು. ೧೮೫೫ರ ಮಾರ್ಚ್ ತಿಂಗಳಿನಲ್ಲಿ ಆರೋಗ್ಯ ಸಮಿತಿಯವರು ಸ್ಕುಟಾರಿಯ ಆಸ್ಪತ್ರೆಗೆ ಬಂದು ಚರಂಡಿಗಳನ್ನು ತೊಳೆಯಿಸಿ ಗಾಳಿಯ ಸಂಚಾರಕ್ಕೆ ಅನುಕೂಲಮಾಡಿದ ಮೇಲೆ ಸಾವುಗಳು ಇಳಿದವು. ಯುದ್ಧವು ಮುಗಿದಮೇಲೆ, ೧೮೫೮ರಲ್ಲಿ, ನೈಟಿಂಗೇಲ್ ಅವರು ರೋಗಕ್ಕೆ ನೀಲಿ, ಗಾಯಕ್ಕೆ ಕೆಂಪು, ಇತರ ಕಾರಣಗಳಿಗೆ ಕಪ್ಪು ಬಣ್ಣವನ್ನು ಹಚ್ಚಿ, ತಿಂಗಳು ತಿಂಗಳಿನ ಲೆಕ್ಕವನ್ನು ವೃತ್ತಾಕಾರದ ಚಿತ್ರವಾಗಿ ಅಚ್ಚುಮಾಡಿಸಿದರು. ಉದ್ದವಾದ ವರದಿಗಳನ್ನು ಓದದ ಅಧಿಕಾರಿಗಳೂ ಆ ನೀಲಿಯ ವಿಸ್ತಾರವನ್ನು ಕಾಣದೆ ಇರಲಾರದವರಾದರು.

ಎರಡು ಗುಣಗಳನ್ನು ಸೇರಿಸಿದ ಕೋಷ್ಟಕ

ಈಗ ನಮ್ಮ ಕಲ್ಪಿತ ಗ್ರಾಮಕ್ಕೆ ಹಿಂದಿರುಗೋಣ. ಒಂದನೆಯ ಕೋಷ್ಟಕವನ್ನು ನೋಡಿದವರು, ನೀರಿನ ಅಭಾವವೇ ಮುಖ್ಯ ಕಾರಣವೆಂದು ಸ್ಪಷ್ಟವಾಯಿತು, ಆದುದರಿಂದ ಕೊಳವೆ ಬಾವಿಯೇ ಬೇಕು ಎಂದು ಹೇಳಬಹುದು. ಎಣಿಕೆಯನ್ನು ಇಲ್ಲಿಗೇ ನಿಲ್ಲಿಸಿದರೆ ಊರಿನವರು ಬಹಳ ಹಣವನ್ನು ತಪ್ಪು ಕೆಲಸಕ್ಕೆ ಸುರಿದಂತಾದೀತು. ಮುಖಂಡರು ಪ್ರತಿಯೊಂದು ಗೀಟಿನ ಜೊತೆಗೆ ಆ ಹಿಡುವಳಿಯು ಅಚ್ಚುಕಟ್ಟಿನ ಯಾವ ಭಾಗದಲ್ಲಿದೆಯೆಂಬುದನ್ನೂ ಗುರುತುಹಾಕಿಕೊಂಡಿದ್ದರೆ, ಎರಡನೆಯ ಕೋಷ್ಟಕವು ಹೀಗಾಗುತ್ತದೆ.

ಎರಡನೆಯ ಕೋಷ್ಟಕ: ಅಚ್ಚುಕಟ್ಟಿನ ಭಾಗವಾರು ಕಾರಣಗಳು

| ಕಾರಣ | ತೂಬಿನ ಸಮೀಪ | ನಡುಭಾಗ | ಕಾಲುವೆಯ ಕೊನೆ | ಒಟ್ಟು |
|---|---|---|---|---|
| ನೀರಿನ ಅಭಾವ | ೧ | ೬ | ೨೧ | ೨೮ |
| ಬೆಂಕಿರೋಗ | ೬ | ೭ | ೩ | ೧೬ |
| ಜೌಗು | ೯ | ೨ | ೧ | ೧೨ |
| ಕಾಂಡಕೊರಕ ಹುಳು | ೨ | ೪ | ೨ | ೮ |
| ನಷ್ಟವಿಲ್ಲ | ೬ | ೭ | ೩ | ೧೬ |
| ಒಟ್ಟು | ೨೪ | ೨೬ | ೩೦ | ೮೦ |

ಭಾಗಗಳಲ್ಲಿರುವ ಹಿಡುವಳಿಗಳ ಸಂಖ್ಯೆ ಸಮವಾಗಿಲ್ಲವಾದುದರಿಂದ ಆಯಾ ಭಾಗದ ಮೊತ್ತದ ಮೇಲೆಯೇ ಶೇಕಡಾವನ್ನು ತೆಗೆಯಬೇಕು. ಹಾಗೆ ತೆಗೆದರೆ, ಕಾಲುವೆಯ ಕೊನೆಯಲ್ಲಿರುವವರಲ್ಲಿ ಶೇಕಡಾ ೭೦ ಮಂದಿಗೆ ನೀರು ಸಾಲದು; ನಡುಭಾಗದಲ್ಲಿ ಸುಮಾರು ಶೇಕಡಾ ೨೩ ಮಂದಿಗೆ ಮಾತ್ರ; ತೂಬಿನ ಸಮೀಪದಲ್ಲಿ ಸುಮಾರು ಶೇಕಡಾ ೪ ಮಂದಿಗೆ ಮಾತ್ರ. ಅದೇ ಕೆರೆಯ ಅದೇ ವರ್ಷದ ನೀರಿನಿಂದ ತೂಬಿನ ಸಮೀಪದಲ್ಲಿರುವವರಲ್ಲಿ ಶೇಕಡಾ ೩೭.೫ ಮಂದಿಯ ಗದ್ದೆಗಳು ಜೌಗಾಗಿ ಕೆಟ್ಟಿವೆ. ಒಂದು ಕಡೆ ನೀರು ಹೆಚ್ಚಾಗಿ ಬೆಳೆಯು ಕೊಳೆಯುತ್ತಿರುವಾಗ ಮತ್ತೊಂದು ಕಡೆ ನೀರಿಲ್ಲದೆ ಒಣಗುತ್ತಿದೆ. ಕೆರೆಯಲ್ಲಿ ನೀರಿತ್ತು, ಅದು ಕೊನೆಯ ಗದ್ದೆಯವರೆಗೆ ಹೋಗಲಿಲ್ಲವೆಂದು ಕೋಷ್ಟಕವು ಸೂಚಿಸುತ್ತದೆ. ಹೀಗಿರುವಲ್ಲಿ ಕೊಳವೆ ಬಾವಿಗೆ ಮೊದಲು ಕಾಲುವೆಯ ಹೂಳನ್ನು ತೆಗೆಯಿಸುವುದು, ಒಡೆದ ಕಡೆಗಳನ್ನು ಕಟ್ಟಿಸುವುದು, ನೀರನ್ನು ಸರದಿಯಂತೆ ಬಿಡಿಸುವುದು, ತೂಬಿನ ಸಮೀಪದ ಗದ್ದೆಗಳಿಗೆ ಬಸಿಗಾಲುವೆಯನ್ನು ತೋಡಿಸುವುದು, ಇವುಗಳನ್ನು ಪರಿಶೀಲಿಸಬೇಕಾಗುತ್ತದೆ.

ಇಲ್ಲಿ ಗಮನಿಸತಕ್ಕ ಮತ್ತೊಂದು ವಿಷಯವುಂಟು. ತೂಬಿನ ಸಮೀಪದ ಗದ್ದೆಗಳಿಗೆ ಸಾಮಾನ್ಯವಾಗಿ ಬೆಲೆ ಹೆಚ್ಚು. ಅವುಗಳ ಒಡೆಯರು ಸಭೆಯಲ್ಲಿ ಮುಂದೆ ಕುಳಿತುಕೊಳ್ಳುವವರೂ ಆಗಿರುವುದುಂಟು. ಈ ಲೇಖನವನ್ನು ಓದುವ ಭೂಮಾಲೀಕರಲ್ಲಿ ಅಂತಹವರು ಹಲವರಿರಬಹುದು. ಕೋಷ್ಟಕವು ತಮಗೆ ಅಪ್ರಿಯವಾದುದನ್ನು ಹೇಳಿದಾಗ ಅದನ್ನು ಮಡಿಸಿಡದೆ ಸಭೆಯ ಮುಂದೆ ಇಡುವುದೇ ಮುಖಂಡತನದ ನಿಜವಾದ ಪರೀಕ್ಷೆ. ಹೆಚ್ಚಿನ ನೀರು ಕೆಳಕ್ಕೆ ಹರಿದುಹೋದರೆ ಅವರ ಜೌಗೂ ಕಡಿಮೆಯಾಗುವುದರಿಂದ, ಇದರಲ್ಲಿ ಅವರ ಲಾಭವೂ ಸೇರಿದೆ.

ಕೋಷ್ಟಕವು ಹೇಳದ ಸಂಗತಿಗಳು

ಕೋಷ್ಟಕವನ್ನು ನಂಬಬೇಕು, ಆದರೆ ಅದು ಹೇಳಿದುದಕ್ಕಿಂತ ಹೆಚ್ಚನ್ನು ನಂಬಬಾರದು. ನಮ್ಮ ಲೆಕ್ಕವು ಹಿಡುವಳಿದಾರರು ಹೇಳಿದ ಕಾರಣಗಳ ಲೆಕ್ಕ. ಬೆಂಕಿರೋಗದ ಕಲೆಗಳನ್ನು ನೀರಿನ ಕೊರತೆಯ ಒಣಗೆಂದು ತಿಳಿದವನೂ ಇರಬಹುದು. ಆದುದರಿಂದ ಕೆಲವು ಗದ್ದೆಗಳನ್ನಾದರೂ ಕಣ್ಣಾರೆ ನೋಡಿ, ಸಂದೇಹವಿದ್ದರೆ ಕೃಷಿ ಅಧಿಕಾರಿಗಳಿಂದ ಪರೀಕ್ಷೆಮಾಡಿಸಬೇಕು. ಕಾಲುವೆಯ ಕೊನೆಯಲ್ಲಿ ಮಣ್ಣು ಮರಳಾಗಿದ್ದು ನೀರನ್ನು ಬೇಗ ಹೀರುವುದೂ ಅಭಾವಕ್ಕೆ ಕಾರಣವಾಗಿರಬಹುದು. ಎರಡು ಸಂಗತಿಗಳು ಜೊತೆಯಾಗಿ ಕಂಡುಬಂದ ಮಾತ್ರಕ್ಕೆ ಒಂದು ಮತ್ತೊಂದಕ್ಕೆ ಕಾರಣವೆಂದು ಸಿದ್ಧವಾಗುವುದಿಲ್ಲ. ಹತ್ತು ಗುಂಟೆಯವನೂ ಎಂಟು ಎಕರೆಯವನೂ ಈ ಲೆಕ್ಕದಲ್ಲಿ ಒಂದೊಂದು ಗೀಟೇ ಆಗಿದ್ದಾರೆ. ಎಷ್ಟು ಕುಟುಂಬಗಳಿಗೆ ಕಷ್ಟವಾಯಿತೆಂದು ತಿಳಿಯುವುದಕ್ಕೆ ಇದು ಸರಿ. ಎಷ್ಟು ಭೂಮಿ ಹಾಳಾಯಿತೆಂದು ತಿಳಿಯುವುದಕ್ಕೆ ಎಕರೆಗಳನ್ನೇ ಕೂಡಿ ಬೇರೊಂದು ಕೋಷ್ಟಕವನ್ನು ಮಾಡಬೇಕು. ಕೊನೆಯದಾಗಿ, ರಸ್ತೆಯ ಬದಿಯ ಮನೆಗಳನ್ನು ಮಾತ್ರ ಕೇಳಿ ಇಡೀ ಊರಿನ ಲೆಕ್ಕವೆಂದು ಬರೆಯುವುದು ಎಲ್ಲಾ ತಪ್ಪುಗಳಲ್ಲಿಯೂ ದೊಡ್ಡದು.

ಭಾರತದಲ್ಲಿ ಜಾನುವಾರು ಗಣತಿಯು ೧೯೧೯-೨೦ರಲ್ಲಿ ಮೊದಲಾಗಿ, ಇಪ್ಪತ್ತನೆಯದು ೨೦೧೯ರಲ್ಲಿ ನಡೆಯಿತು. ಇಂತಹ ಮಹಾಗಣತಿಗಳ ಸಾವಿರಾರು ಪುಟಗಳಿಗೂ ಮೂಲವು ಒಬ್ಬ ಗಣತಿದಾರನು ಒಂದು ಕೊಟ್ಟಿಗೆಯ ಮುಂದೆ ನಿಂತು ಬರೆದುಕೊಂಡ ಒಂದು ಗುರುತೇ. ಆ ಗುರುತು ಸರಿಯಾಗಿದ್ದರೆ ದೇಶದ ಲೆಕ್ಕವು ಸರಿಯಾಗಿರುತ್ತದೆ. ಗಣತಿದಾರರು ಬಂದಾಗ ನಿಜವನ್ನೇ ಹೇಳುವಂತೆ ಜನರಿಗೆ ತಿಳಿಯಹೇಳುವುದೂ ಮುಖಂಡರ ಕರ್ತವ್ಯವಾಗಿದೆ.

ಮುಂದಿನ ಸುಗ್ಗಿಯು ಮುಗಿದೊಡನೆಯೇ ನಮ್ಮ ವಾಚಕರು ತಮ್ಮ ತಮ್ಮ ಗ್ರಾಮಗಳಲ್ಲಿ ಒಂದೇ ಒಂದು ಪ್ರಶ್ನೆಯನ್ನು ಆರಿಸಿಕೊಂಡು ಮೇಲೆ ಹೇಳಿದ ಕ್ರಮದಲ್ಲಿ ಎಣಿಸಿ, ಕೋಷ್ಟಕವನ್ನೂ ಪಟ್ಟಿಚಿತ್ರವನ್ನೂ ಪಂಚಾಯತಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಅಂಟಿಸಬೇಕೆಂದು ಕೋರಲಾಗಿದೆ. ಕಾಲುವೆಯ ಕೊನೆಯ ಗದ್ದೆಯವನು ಅದರ ಮುಂದೆ ನಿಂತು, ಆ ಇಪ್ಪತ್ತೊಂದರಲ್ಲಿ ತನ್ನ ಗೀಟೂ ಒಂದೆಂದು ತೋರಿಸಬಲ್ಲವನಾದರೆ, ಎಣಿಸಿದ ಶ್ರಮವು ಸಾರ್ಥಕವಾಯಿತೆಂದು ತಿಳಿಯಬಹುದು.